ಮೊಹಾವಿ ಮರುಭೂಮಿಯಲ್ಲಿ ಒಬ್ಬಳೇ

ಆತ್ಮೀಯ ಓದುಗರೇ,

ಅಕ್ಟೋಬರ್‌ನಲ್ಲಿ ನಾನು ಒಬ್ಬಳೇ ಕಾರಿನಲ್ಲಿ ಹೊರಟು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮೊಹಾವಿ ಮರುಭೂಮಿಯ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲಿರುವ ಟ್ವೆಂಟಿನೈನ್ ಪಾಮ್ಸ್ ಊರಿನ ಹೊರವಲಯದ ಒಂದು ಪುಟ್ಟ ವಸತಿಗೃಹದಲ್ಲಿ ತಂಗಿ ಬಂದೆ. ಕನ್ನಡ ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗಿಯೊಬ್ಬಳು, "ಆಂಟಿ, ಅಲ್ಲಿ ಏನೂ ಇಲ್ವಲ್ಲ, ಒಬ್ರೇ ಏನ್ ಮಾಡಿದ್ರಿ?" ಎಂದು ಕೇಳಿದಳು. ತರಗತಿಯ ಗಂಟೆ ಮುಗಿದುದರಿಂದ ಅವಳಿಗೆ ಸರಿಯಾಗಿ ಉತ್ತರಿಸಲು ಆಗಲಿಲ್ಲ. ಈ ಸಂಚಿಕೆ ಇಂದು ರಾತ್ರಿಯೇ ಮುದ್ರಣಕ್ಕೆ ಹೋಗಬೇಕಾಗಿರುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹೆಚ್ಚಿನವರಿಗೆ ರಜೆಯೆಂದರೆ ಊರಿಗೆ ಹೋಗುವುದು, ಇಲ್ಲವೇ ಊರಿನಿಂದ ಬಂದವರನ್ನು ಸುತ್ತಾಡಿಸುವುದು. ಎರಡೂ ಬೇಕಾದವೇ, ಆದರೆ ಎರಡರಲ್ಲೂ ದಣಿವು ಆರುವುದಿಲ್ಲ. ಯಾರನ್ನೂ ಕಾಣಬೇಕಾಗಿಲ್ಲದ, ಯಾರಿಗೂ ಏನನ್ನೂ ತೋರಿಸಬೇಕಾಗಿಲ್ಲದ ಬಿಡುವು ಎಂಥದ್ದೆಂದು ನನಗೆ ತಿಳಿದದ್ದು ಆ ವಸತಿಗೃಹದಲ್ಲಿ. ಅಲ್ಲಿ ಇದ್ದದ್ದು ಬೆರಳೆಣಿಕೆಯ ಕೋಣೆಗಳು, ಪೂರ್ವಕ್ಕೆ ಮುಖಮಾಡಿದ ಒಂದು ಜಗುಲಿ, ಅದರ ಮೇಲೊಂದು ಕುರ್ಚಿ. ಬೀಗದ ಕೈ ಕೊಟ್ಟ ಒಡತಿ, ಕತ್ತಲಾದ ಮೇಲೆ ಹೊರಗಿನ ದೀಪ ಹಾಕಬೇಡಿ ಎಂದಷ್ಟೇ ಕೇಳಿಕೊಂಡರು. ಆ ಉದ್ಯಾನಕ್ಕೆ 2017ರಲ್ಲಿ ಅಂತರರಾಷ್ಟ್ರೀಯ ಕತ್ತಲಾಗಸದ (ಕೃತಕ ಬೆಳಕಿನಿಂದ ಮಸುಕಾಗದ ರಾತ್ರಿಯಾಕಾಶದ) ಮನ್ನಣೆ ದೊರೆತಿದ್ದು, ಸುತ್ತಲಿನ ಬೆಳಕು ಹೆಚ್ಚಿದಷ್ಟೂ ಅಲ್ಲಿ ಕಾಣುವ ನಕ್ಷತ್ರಗಳು ಕಡಿಮೆಯಾಗುತ್ತವೆ.

ಸೂರ್ಯ ಮುಳುಗುತ್ತಿದ್ದಂತೆ ಚಳಿ ಆವರಿಸಿತು. ಒಣಗಾಳಿಯೂ ಮೋಡವಿಲ್ಲದ ಆಕಾಶವೂ ನೆಲದ ಬಿಸಿಯನ್ನು ಹಿಡಿದಿಡಲಾರವು. ಹಗಲು ಕಾದ ಬಂಡೆಗಳು ರಾತ್ರಿಯ ಹೊತ್ತಿಗೆ ತಣ್ಣಗಾಗುತ್ತವೆ. ಶಾಲು ಹೊದ್ದು ಜಗುಲಿಯಲ್ಲಿ ಕುಳಿತೆ. ಮೊದಮೊದಲು ಕೈ ತಾನಾಗಿ ಫೋನಿನ ಕಡೆಗೆ ಹೋಗುತ್ತಿತ್ತು. ಯಾರಿಗೋ ಉತ್ತರಿಸಬೇಕಾಗಿದೆ, ಯಾವುದೋ ಪಟ್ಟಿ ಅರ್ಧಕ್ಕೆ ನಿಂತಿದೆ ಎಂಬ ತಳಮಳ. ಅದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಈಶಾನ್ಯದ ಗುಡ್ಡದ ಮೇಲೆ ಕೃತ್ತಿಕೆಯ ಗೊಂಚಲು ಎದ್ದಿತು. ಬಹಳ ಹೊತ್ತಾದ ಮೇಲೆ ಅದರ ಕೆಳಗೆ ಕೆಂಪಾಗಿ ರೋಹಿಣಿ ಮೂಡಿತು. ಅವುಗಳ ಹೆಸರನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದೆನಾದರೂ, ಒಂದರ ಹಿಂದೆ ಒಂದು ಮೂಡುವುದನ್ನು ಕಾದು ನೋಡುವಷ್ಟು ಪುರುಸೊತ್ತು ನನಗೆ ದೊರೆತದ್ದು ಈ ವಯಸ್ಸಿನಲ್ಲಿ, ಈ ದೂರದ ನೆಲದಲ್ಲಿ. ದೂರದಲ್ಲಿ ತೋಳದಂಥ ಕಾಡುಪ್ರಾಣಿಗಳಾದ ಕಯೋಟಿಗಳು ಕೂಗಿದವು. ಜೊತೆಗೆ ಒಬ್ಬರಿದ್ದಿದ್ದರೂ ನಾನು ಮಾತನಾಡಿಬಿಡುತ್ತಿದ್ದೆ, ಅವನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

ಅಲ್ಲಿ ಏನೂ ಇಲ್ಲವೆಂಬ ನಂಬಿಕೆ ಹಳೆಯದು. ಒಂದು ಕಾಲದಲ್ಲಿ ಜನ ಅಲ್ಲಿನ ಕಳ್ಳಿಗಳನ್ನು ಬುಡಸಮೇತ ಕಿತ್ತು ನಗರದ ತೋಟಗಳಿಗೆ ಸಾಗಿಸುತ್ತಿದ್ದರು. ಮನೆಯವರ ಸಾವಿನ ದುಃಖದಲ್ಲಿದ್ದಾಗ ಈ ಮರುಭೂಮಿಯಲ್ಲಿ ನೆಮ್ಮದಿ ಕಂಡುಕೊಂಡಿದ್ದ ಪ್ಯಾಸಡೀನಾ ನಗರದ ಮಿನರ್ವಾ ಹೋಯ್ಟ್ ಎಂಬ ಮಹಿಳೆ ಅದರ ರಕ್ಷಣೆಗಾಗಿ ವರ್ಷಗಟ್ಟಲೆ ಹೋರಾಡಿದರು. 1936ರಲ್ಲಿ ಈ ಉದ್ಯಾನದ ಪ್ರದೇಶ ರಾಷ್ಟ್ರೀಯ ಸ್ಮಾರಕವಾಯಿತು, 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಉದ್ಯಾನಕ್ಕೆ ಹೆಸರು ಕೊಟ್ಟ ಜೋಶುವಾ ಮರದ ಹೂವಿಗೆ ಪರಾಗ ತಲುಪಿಸುವುದು ಯಕ್ಕಾ ಪತಂಗ. ಆ ಪತಂಗದ ಮರಿಹುಳುಗಳಿಗೆ ಆಹಾರ ಅದೇ ಮರದ ಬೀಜ. ಒಂದಿಲ್ಲದೆ ಇನ್ನೊಂದಿಲ್ಲ. ಮಗಳೇ, ಅಲ್ಲಿ ಇಷ್ಟೆಲ್ಲ ಇದೆ, ಮತ್ತು ನಾನು ಮಾಡಿದ್ದು ಇದನ್ನು ನೋಡಿದ್ದು.

ಒಬ್ಬರೇ ಹೋಗಬಯಸುವವರು, ಅದರಲ್ಲೂ ಹೆಣ್ಣುಮಕ್ಕಳು, ಹಿಂಜರಿಯಬಾರದೆಂದು ನನ್ನ ಕೋರಿಕೆ. ಉದ್ಯಾನದ ಒಳಗೆ ಬಹುತೇಕ ಕಡೆ ಫೋನ್ ಸಂಪರ್ಕವಿಲ್ಲ, ಪೆಟ್ರೋಲ್ ಸಿಗುವುದಿಲ್ಲ. ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ವಸತಿಗೃಹದವರಿಗೆ ತಿಳಿಸಿ ಹೊರಡಿ. ದಿನಕ್ಕೆ ಕಡಿಮೆಯೆಂದರೂ ನಾಲ್ಕು ಲೀಟರ್ ನೀರು ಜೊತೆಗಿರಲಿ. ಬೇಸಿಗೆಯಲ್ಲಿ ಮಾತ್ರ ಬೇಡ.

ಜಾಗ ಮುಗಿಯುತ್ತಿರುವುದರಿಂದ ಸೂಚನೆಗಳನ್ನು ಚುಟುಕಾಗಿ ಕೊಡುತ್ತಿದ್ದೇನೆ: ರಾಜ್ಯೋತ್ಸವ ಕಾರ್ಯಕ್ರಮ ನವೆಂಬರ್ ಎರಡನೇ ಶನಿವಾರ ಸಂಜೆ, ಸಮೂಹಗಾನಕ್ಕೆ ಮಕ್ಕಳ ಹೆಸರನ್ನು ಈ ವಾರವೇ ಕೊಡಿ, ಥ್ಯಾಂಕ್ಸ್‌ಗಿವಿಂಗ್ ವಾರ ಕನ್ನಡ ತರಗತಿ ಇರುವುದಿಲ್ಲ. ಕೊನೆಯದಾಗಿ, ಈ ಪತ್ರಿಕೆಯ ಕರಡು ತಿದ್ದುವ ನಮ್ಮ ಗೆಳತಿ ಬಹಳ ಕಾಲದಿಂದ ಒಂದು ವಾರಾಂತ್ಯವನ್ನೂ ತಮಗಾಗಿ ಇಟ್ಟುಕೊಂಡಿಲ್ಲ. ಡಿಸೆಂಬರ್ ಸಂಚಿಕೆಗೆ ಇಬ್ಬರು ಮುಂದೆ ಬಂದರೆ ಅವರಿಗೂ ಇಂಥ ಬಿಡುವು ಸಿಗುತ್ತದೆ. ಪುಟವಿನ್ಯಾಸ ಬಾರದಿದ್ದರೂ ಚಿಂತೆಯಿಲ್ಲ, ನಾನು ಹೇಳಿಕೊಡುತ್ತೇನೆ; ದಯವಿಟ್ಟು ಸಮಿತಿಯವರಿಗೆ ತಿಳಿಸಿ.

– ಸಂಪಾದಕಿ