ಮೆಕ್ಯಾನಿಕಲ್ ಓದುವವರನ್ನು ಹೆದರಿಸಬೇಡಿ

ಮಾನ್ಯರೇ,

ಸಿಇಟಿ ಕೌನ್ಸೆಲಿಂಗ್ ಬಂತೆಂದರೆ ಎಲ್ಲರ ಕಣ್ಣೂ ಕಂಪ್ಯೂಟರ್ ಸೈನ್ಸ್ ಮೇಲೆ. ಮೆಕ್ಯಾನಿಕಲ್ ಎಂದ ಮಕ್ಕಳನ್ನು ‘ಕೆಲಸ ಎಲ್ಲಿದೆ?’ ಎಂದು ಸುಮ್ನೆ ಹೆದರಿಸುತ್ತೇವೆ. ಪೀಣ್ಯದಲ್ಲಿ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿರುವ ಸಿಎನ್‌ಸಿ ಶಾಪ್‌ಗಳು, ಬೆಳಗಾವಿಯ ಲೋಹ ಎರಕದ ಫೌಂಡ್ರಿಗಳು, ಬಿಡದಿಯ ಕಾರು ಕಾರ್ಖಾನೆ, 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಘಟಕ, ಇವಕ್ಕೆಲ್ಲ ಬೇಕಾಗಿರುವುದು ಇವರೇ ಅಲ್ವಾ? ಶುರುವಿನ ಸಂಬಳ ಸಾಫ್ಟ್‌ವೇರ್‌ಗಿಂತ ಕಡಿಮೆ ಇರಬಹುದು, ನಿಜ.

ನನ್ನ ಚಿಂತೆ ಬೇರೆ. ನಾಲ್ಕು ವರ್ಷ ಓದಿಯೂ ಎಷ್ಟೋ ಹುಡುಗರು ಡ್ರಾಯಿಂಗ್‌ನಲ್ಲಿರುವ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಇರಬಹುದೆಂಬ ಮಿತಿ) ಓದಲು, ವರ್ನಿಯರ್ ಎಂಬ ಅಳತೆ ಸಾಧನ ಹಿಡಿದು 0.02 ಮಿ.ಮೀ. ವ್ಯತ್ಯಾಸ ಗುರುತಿಸಲು ತಡಕಾಡುತ್ತಾರೆ. ಲೋಹ ಕಡೆಯುವ ಲೇತ್ ಯಂತ್ರ ಮುಟ್ಟಿದ್ದೇ ಕಡಿಮೆ. ಕಾಲೇಜುಗಳು ಅವರನ್ನು ಒಂದಿಡೀ ಸೆಮಿಸ್ಟರ್ ಕಾರ್ಖಾನೆಗೆ ಕಳಿಸಲಿ. ಸಣ್ಣ ಕಾರ್ಖಾನೆಯವರೂ ಬಾಗಿಲು ತೆರೆಯಲಿ, ತಿಂಗಳಿಗಿಷ್ಟು ಸ್ಟೈಪೆಂಡ್ ಕೊಡಲಿ.

– ಒಬ್ಬ ಓದುಗ, ಬೆಂಗಳೂರು