ಕುಡಿಯದೆ ಒಂದು ವರ್ಷ: ನಿಮಗೆಲ್ಲ ನಮಸ್ಕಾರ

ನಿನ್ನೆಗೆ ಒಂದು ವರ್ಷ ಆಯ್ತು. 365 ದಿನ ಒಂದು ತೊಟ್ಟೂ ಮುಟ್ಟಿಲ್ಲ. ಬೆಳಿಗ್ಗೆ ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿದಳು. ಏನೂ ಮಾತಾಡಲಿಲ್ಲ. ಕಾಫಿ ತಂದಿಟ್ಟು ಒಳಗೆ ಹೋದಳು. ಆ ಕಾಫಿ ಕುಡಿಯುತ್ತಾ ಇದನ್ನು ಬರೆಯಲೇಬೇಕು ಅನ್ನಿಸಿತು. ನನ್ನ ಕೈ ಹಿಡಿದವರಲ್ಲಿ ಎಷ್ಟೋ ಜನಕ್ಕೆ ತಾವು ಏನು ಮಾಡಿದ್ದೇವೆ ಅನ್ನುವುದೇ ಗೊತ್ತಿಲ್ಲ.

ಮೊದಲು ಒಬ್ಬ ಗೆಳೆಯನಿಗೆ ಹೇಳಬೇಕು. ಅವನು ನನಗೆ ಬುದ್ಧಿ ಹೇಳಲಿಲ್ಲ. ಒಂದು ಸಿನಿಮಾದ ಡಿಸ್ಕ್ ಕೊಟ್ಟ. "ದೆವ್ವದ ಸಿನಿಮಾ ಕಣೋ. ತುಂಬಾ ನಿಧಾನ ಇದೆ. ಮಧ್ಯದಲ್ಲಿ ಎದ್ದು ಹೋಗಬೇಡ" ಅಂದ, ಅಷ್ಟೇ.

ಅದು 'ದಿ ಶೈನಿಂಗ್'. ಸ್ಟಾನ್ಲಿ ಕುಬ್ರಿಕ್ ಮಾಡಿದ್ದು, 1980ರಲ್ಲಿ ಬಂದದ್ದು. ಕತೆ ಅಮೆರಿಕದ ಕೊಲೊರಾಡೋದ ಬೆಟ್ಟಗಳ ಮೇಲಿರುವ ಓವರ್‌ಲುಕ್ ಅನ್ನುವ ಹೋಟೆಲಿನದು. ನಮ್ಮ ಇಡ್ಲಿ ಕಾಫಿ ಹೋಟೆಲ್ ಅಲ್ಲ, ನೂರಾರು ಜನ ಬಂದು ಉಳಿಯುವಂಥ ದೊಡ್ಡ ಹೋಟೆಲು. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತದೆ, ಹೋಟೆಲೂ ಮುಚ್ಚುತ್ತದೆ. ಅಷ್ಟು ತಿಂಗಳು ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಜ್ಯಾಕ್ ಅನ್ನುವವನು ಬರುತ್ತಾನೆ. ಮೊದಲು ಮೇಷ್ಟ್ರಾಗಿದ್ದವನು. ಈಗ ಪುಸ್ತಕ ಬರೆಯಬೇಕು ಅನ್ನುವ ಆಸೆ. ಜೊತೆಗೆ ಹೆಂಡತಿ ವೆಂಡಿ, ಪುಟ್ಟ ಮಗ ಡ್ಯಾನಿ. ಮೂರೇ ಜನ, ಅಷ್ಟು ದೊಡ್ಡ ಹೋಟೆಲು.

ಒಂದು ಶನಿವಾರ ರಾತ್ರಿ, ಮಗಳು ಮಲಗಿದ ಮೇಲೆ, ನಾನೂ ಹೆಂಡತಿಯೂ ನೋಡಲು ಕೂತೆವು. ನನ್ನ ಕೈಯಲ್ಲಿ ಎಂದಿನಂತೆ ಗ್ಲಾಸ್ ಇತ್ತು. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ದೃಶ್ಯ ಬರುತ್ತದೆ. ದೆವ್ವ ಇಲ್ಲ, ರಕ್ತ ಇಲ್ಲ, ಹೋಟೆಲೂ ಇಲ್ಲ. ಡ್ಯಾನಿ ಎಚ್ಚರ ತಪ್ಪಿರುತ್ತಾನೆ, ಅವನನ್ನು ನೋಡಲು ಡಾಕ್ಟರ್ ಮನೆಗೆ ಬಂದಿರುತ್ತಾರೆ. ವೆಂಡಿ ಅವರ ಜೊತೆ ಮಾತಾಡುತ್ತಾಳೆ. ಹಿಂದೆ ಒಮ್ಮೆ ಗಂಡ ಕುಡಿದು ಬಂದು, ಕೋಪದಲ್ಲಿ ಮಗನ ಕೈ ಹಿಡಿದು ಎಳೆದಿದ್ದ. ಭುಜದ ಕೀಲು ತಪ್ಪಿತ್ತು. ಅದನ್ನು ಅವಳು ನಗುತ್ತಾ ಹೇಳುತ್ತಾಳೆ. ಮಕ್ಕಳ ಜೊತೆ ಹೀಗೆಲ್ಲ ಆಗುತ್ತಲ್ಲ ಅನ್ನುವ ಹಾಗೆ. ಅವಳ ಬೆರಳಿನ ನಡುವೆ ಸಿಗರೇಟಿನ ಬೂದಿ ಉದ್ದಕ್ಕೆ ಬೆಳೆಯುತ್ತಾ ಇರುತ್ತದೆ, ಅದನ್ನು ಕೊಡವುವುದೂ ಅವಳಿಗೆ ನೆನಪಿಲ್ಲ. ಆಮೇಲೆ ಗಂಡ ಐದು ತಿಂಗಳಿಂದ ಕುಡಿದಿಲ್ಲ ಅನ್ನುತ್ತಾಳೆ.

ನಾವಿಬ್ಬರೂ ಅಲುಗಾಡದೆ ಕೂತಿದ್ದೆವು. ಅದಕ್ಕೆ ಎರಡು ತಿಂಗಳ ಹಿಂದೆ ನಮ್ಮ ಮಗಳ ಮಣಿಕಟ್ಟು ಊದಿಕೊಂಡಿತ್ತು. ರಿಮೋಟ್ ಕೊಡಲಿಲ್ಲ ಅಂತ ನಾನೇ ಕೈ ತಿರುಚಿದ್ದೆ. ಡಾಕ್ಟರ್ ಹತ್ತಿರ ಹೆಂಡತಿ "ಸ್ಕೂಲಲ್ಲಿ ಬಿದ್ಲು" ಅಂದಿದ್ದಳು. ನಗುತ್ತಲೇ ಅಂದಿದ್ದಳು. ಒಂಬತ್ತು ವರ್ಷದ ಮಗಳು ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದಳು.

ಈ ಡಾಕ್ಟರ್ ದೃಶ್ಯ ಅಮೆರಿಕದಲ್ಲಿ ಓಡಿದ ಉದ್ದದ ಪ್ರತಿಯಲ್ಲಿ ಇದೆ. ಬೇರೆ ದೇಶಗಳಿಗೆ ಅಂತ ಕುಬ್ರಿಕ್ ಅವರೇ ಸುಮಾರು ಎರಡು ಗಂಟೆಗೆ ಇಳಿಸಿದ ಪ್ರತಿಯಲ್ಲಿ ಅದನ್ನು ತೆಗೆದಿದ್ದಾರೆ. ಗೆಳೆಯಾ, ನೀನು ಉದ್ದದ್ದನ್ನೇ ಕೊಟ್ಟೆ. ಗಿಡ್ಡದ್ದು ಕೊಟ್ಟಿದ್ದರೆ ನಾನು ಹೆದರಿ, ಮಲಗಿ, ಮರೆತುಬಿಡುತ್ತಿದ್ದೆ.

ಅವತ್ತೇ ಬಿಟ್ಟೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಅವತ್ತೂ ಕುಡಿದೆ. ಮಾರನೇ ದಿನವೂ ಕುಡಿದೆ. ಆದರೆ ಸಿನಿಮಾ ತಲೆಯಲ್ಲಿ ಕೂತುಬಿಟ್ಟಿತ್ತು.

ಅದರಲ್ಲಿ ಆಗಾಗ ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ ಬರುತ್ತದೆ. ಮೊದಲು 'ಸಂದರ್ಶನ', ಆಮೇಲೆ 'ಮುಚ್ಚುವ ದಿನ', ಆಮೇಲೆ 'ಒಂದು ತಿಂಗಳ ನಂತರ'. ಅಲ್ಲಿಂದ ವಾರಗಳ ಹೆಸರು: ಮಂಗಳವಾರ, ಗುರುವಾರ, ಶನಿವಾರ, ಸೋಮವಾರ, ಬುಧವಾರ. ಕೊನೆಗೆ 'ಬೆಳಿಗ್ಗೆ 8', 'ಸಂಜೆ 4'. ತಿಂಗಳಲ್ಲಿ ಇದ್ದ ಲೆಕ್ಕ ದಿನಕ್ಕೆ ಬಂದು, ದಿನದಿಂದ ಗಂಟೆಗೆ ಇಳಿಯುತ್ತದೆ. ಮೊದಲ ಒಂದು ಗಂಟೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ಖಾಲಿ ಮೊಗಸಾಲೆ, ಟೈಪ್‌ರೈಟರ್ ಸದ್ದು, ಹುಡುಗನ ಮೂರು ಗಾಲಿ ಸೈಕಲ್. ನೋಡುವವರಿಗೆ ಎಲ್ಲಿಂದ ಕೆಟ್ಟಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ನನ್ನ ಕುಡಿತವೂ ಹಾಗೇ ಬಂತು. ಮೊದಲು ಯುಗಾದಿ ಮಾರನೇ ದಿನ, ಹೊಸ ತೊಡಕಿಗೆ, ಭಾವಂದಿರ ಜೊತೆ. ಆಮೇಲೆ ತಿಂಗಳಿಗೊಮ್ಮೆ, ಸಂಬಳ ಬಂದಾಗ. ಆಮೇಲೆ ಶನಿವಾರ. ಆಮೇಲೆ ದಿನಾ ಸಂಜೆ ಒಂದು ನೈಂಟಿ, ಕ್ವಾರ್ಟರ್ ಆಯ್ತು. ಸಿನಿಮಾ ನೋಡಿ ಎರಡು ವಾರಕ್ಕೆ ಒಂದು ಬೆಳಿಗ್ಗೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ಕೈ ನಡುಕ ನಿಲ್ಲಲಿ ಅಂತ ಬಾಟಲಿ ಎತ್ತಿದೆ. ಹೊರಗೆ ರೇಡಿಯೋದಲ್ಲಿ ಟೈಮ್ ಹೇಳಿದರು. ಎಂಟು ಗಂಟೆ. ಕಪ್ಪು ತೆರೆ, ಬಿಳಿ ಅಕ್ಷರ ಕಣ್ಣ ಮುಂದೆ ಬಂತು. ನನಗೆ ಇನ್ನು ಎಷ್ಟು ಉಳಿದಿದೆ ಅಂತ ಆಗ ನಿಜವಾಗಿ ಭಯ ಆಯ್ತು.

ಈಗ ನಮ್ಮ ಅಕ್ಕನಿಗೆ. ಅವತ್ತು ನಾನು ಫೋನ್ ಮಾಡಿ "ಅಕ್ಕಾ, ನನ್ ಕೈಲಿ ಆಗ್ತಿಲ್ಲ" ಅಂದೆ. ಅವಳು ಮುಂದಕ್ಕೆ ಒಂದು ಪ್ರಶ್ನೆ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಸ್ ಹಿಡಿದು ಬಂದಿದ್ದಳು. "ನಾನೇ ಮನೆಯಲ್ಲಿ ನಿಲ್ಲಿಸ್ತೀನಿ" ಅಂತ ನಾನು ಹಟ ಹಿಡಿದಿದ್ದೆ. ಅವಳು ಕೇಳಲಿಲ್ಲ, ಆಸ್ಪತ್ರೆಗೆ ಸೇರಿಸಿದಳು. ಅದರಿಂದಲೇ ನಾನು ಬದುಕಿದ್ದೇನೆ. ಇದನ್ನು ಓದುತ್ತಿರುವವರ ಮನೆಯಲ್ಲಿ ದಿನಾ ಕುಡಿಯುವವರು ಇದ್ದರೆ ದಯವಿಟ್ಟು ಗಮನಿಸಿ. ವರ್ಷಗಟ್ಟಲೆ ದಿನಾ ಕುಡಿದವರು ಒಂದೇ ಏಟಿಗೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣವೇ ಹೋಗಬಹುದು. ಡಾಕ್ಟರ್ ಕಣ್ಣ ಮುಂದೆಯೇ ಬಿಡಬೇಕು. ನನಗೆ ಮಾತ್ರೆಗಳ ಜೊತೆ ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು. ಆದರೂ ಮೂರನೇ ರಾತ್ರಿ ಗೋಡೆಯ ಮೇಲೆ ಇರುವೆ ಸಾಲು ಹರಿದಾಡಿದವು. ವಾರ್ಡಿನ ಆಚೆ ಕಡೆಯಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಆ ರಾತ್ರಿ ಡ್ಯೂಟಿಯಲ್ಲಿದ್ದ ಸಿಸ್ಟರ್ ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. "ಅಲ್ಲಿ ಯಾರೂ ಇಲ್ಲಣ್ಣ, ಕುಡಿತ ಬಿಟ್ಟಾಗ ಹೀಗೆ ಕಾಣುತ್ತೆ, ಬೆಳಗಾದ್ರೆ ಹೋಗುತ್ತೆ" ಅಂತ ಎಷ್ಟು ಸಲ ಹೇಳಿದರೋ. ಸಿಸ್ಟರ್, ನಿಮ್ಮ ಮುಖವೂ ನನಗೆ ಸರಿಯಾಗಿ ನೆನಪಿಲ್ಲ. ದನಿ ನೆನಪಿದೆ. ನಿಮಗೆ ಕೈಮುಗಿಯುತ್ತೇನೆ.

ಜ್ಯಾಕ್ ಕಂಡದ್ದು ದೆವ್ವವಲ್ಲ, ಕುಡಿತ ಬಿಟ್ಟಾಗ ಬರುವ ಈ ಭ್ರಮೆಯೇ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಭ್ರಮೆ ಬರುವುದು ಬಿಟ್ಟ ಮೊದಲ ಕೆಲವು ದಿನಗಳಲ್ಲಿ. ಅವನು ಬಿಟ್ಟು ಐದು ತಿಂಗಳಾಗಿತ್ತು. ಐದು ತಿಂಗಳಲ್ಲಿ ಇರುವೆಗಳು ಹೋಗಿರುತ್ತವೆ, ಆಸೆ ಹೋಗಿರುವುದಿಲ್ಲ. ಸಿನಿಮಾದಲ್ಲಿ ನನಗೆ ತುಂಬಾ ಹೆದರಿಕೆ ಆಗಿದ್ದು ಆ ಜಾಗದಲ್ಲೇ. ಚಳಿಗಾಲಕ್ಕೆ ಮುಚ್ಚುವಾಗ ಹೋಟೆಲಿನಲ್ಲಿದ್ದ ಮದ್ಯವನ್ನೆಲ್ಲ ಸಾಗಿಸಿಬಿಟ್ಟಿರುತ್ತಾರೆ. ಒಂದು ಬಾಟಲಿಯೂ ಇರುವುದಿಲ್ಲ. ಅದನ್ನು ಮೊದಲೇ ನಮಗೆ ಹೇಳಿರುತ್ತಾರೆ. ಜ್ಯಾಕ್ ಒಬ್ಬನೇ ಖಾಲಿ ಬಾರಿಗೆ ಹೋಗಿ ಕೂರುತ್ತಾನೆ. ಮುಖ ಮುಚ್ಚಿಕೊಂಡು, ಒಂದು ಗ್ಲಾಸ್ ಬಿಯರಿಗೆ ನನ್ನ ಆತ್ಮವನ್ನೇ ಕೊಡುತ್ತೇನೆ ಅನ್ನುತ್ತಾನೆ. ಕೈ ತೆಗೆದಾಗ ಎದುರಿಗೆ ಬಾರಿನವನು ನಿಂತಿದ್ದಾನೆ. ಹಿಂದೆ ಸಾಲಾಗಿ ಬಾಟಲಿಗಳು. ಸುಮಾರು ಒಂದು ಗಂಟೆ ಕಾದು ಕುಬ್ರಿಕ್ ತೋರಿಸುವುದು ಇದನ್ನು. ಕಿರುಚಾಟ ಇಲ್ಲ, ದೊಡ್ಡ ಸದ್ದಿಲ್ಲ. ಜ್ಯಾಕ್ ಮುಖದಲ್ಲಿ ನಗು. ಬಹಳ ದಿನದ ಮೇಲೆ ಸ್ನೇಹಿತ ಸಿಕ್ಕಂಥ ನಗು. ಆ ನಗು ನನ್ನದು.

ನಮ್ಮ ಮನೆಯಿಂದಲೂ ಹೆಂಡತಿ ಎಲ್ಲ ಬಾಟಲಿ ಎತ್ತಿ ಬಿಸಾಕಿದ್ದಳು. ಆದರೂ ಎರಡನೇ ತಿಂಗಳು, ಐದನೇ ತಿಂಗಳು, ಸಂಜೆ ಏಳಕ್ಕೆ ಸರಿಯಾಗಿ ಬಾರು ನನ್ನೊಳಗೆ ಬಾಗಿಲು ತೆಗೆಯುತ್ತಿತ್ತು. ಆ ಹೊತ್ತಿನಲ್ಲಿ ನನ್ನ ಫೋನ್ ಎತ್ತಿಕೊಂಡವರು ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪಿನವರು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುವಾದದ್ದು ಅದು. ಇವತ್ತಿಗೂ ಕೆಲಸ ನಡೆಯುವುದು ಹಾಗೇ. ಹೆಸರು ಹೇಳಬಾರದು ಅನ್ನುವುದು ಅವರ ನಿಯಮ, ಹೇಳುವುದಿಲ್ಲ. ಒಬ್ಬರು ಆಟೋ ಓಡಿಸುತ್ತಾರೆ. ಒಂದು ಸಂಜೆ ನಾನು ಫೋನ್ ಮಾಡಿದಾಗ ಬಾಡಿಗೆ ಬಿಟ್ಟು ನಮ್ಮ ಬೀದಿಗೆ ಬಂದರು. ಇಬ್ಬರೂ ಆಟೋದಲ್ಲೇ ಕೂತು ಒಂಬತ್ತರ ತನಕ ಸುಮ್ನೆ ಕಡಲೆಕಾಯಿ ತಿಂದೆವು. ಅವರು ಕೇಳಿದ್ದು ಒಂದೇ: "ಇವತ್ತೊಂದು ದಿನ ಆಗುತ್ತಾ?"

ನಿದ್ದೆ ಬಾರದ ರಾತ್ರಿಗಳಲ್ಲಿ ಸಿನಿಮಾಕ್ಕೆ ಮೂಲವಾದ ಪುಸ್ತಕ ಓದಿದೆ. ನನ್ನ ಇಂಗ್ಲಿಷ್ ನಿಧಾನ, ಎರಡು ತಿಂಗಳು ಹಿಡಿಯಿತು. ಬರೆದವರು ಸ್ಟೀಫನ್ ಕಿಂಗ್, 1977ರಲ್ಲಿ. 1974ರಲ್ಲಿ ಅವರು ಹೆಂಡತಿ ಜೊತೆ ಕೊಲೊರಾಡೋದ ಸ್ಟ್ಯಾನ್ಲಿ ಹೋಟೆಲಿನಲ್ಲಿ ಒಂದು ರಾತ್ರಿ ಉಳಿದಿದ್ದರು. ಚಳಿಗಾಲಕ್ಕೆ ಮುಚ್ಚುವ ಹೊತ್ತು, ಬೇರೆ ಯಾರೂ ಇರಲಿಲ್ಲ. ರಾತ್ರಿ ಕನಸಿನಲ್ಲಿ ತಮ್ಮ ಪುಟ್ಟ ಮಗ ಆ ಮೊಗಸಾಲೆಗಳಲ್ಲಿ ಹೆದರಿ ಓಡುತ್ತಿದ್ದ. ಅಲ್ಲಿಂದ ಕತೆ ಹುಟ್ಟಿತು. ಕಿಂಗ್ ಅವರಿಗೂ ಆಗ ಕುಡಿತ ಇತ್ತು, ಆಮೇಲೆ ಬಿಟ್ಟರು. ಕುಬ್ರಿಕ್ ಮಾಡಿದ ಸಿನಿಮಾ ಅವರಿಗೆ ಹಿಡಿಸಲಿಲ್ಲ. ಎರಡರಲ್ಲೂ ಜ್ಯಾಕ್ ಕೊನೆಗೆ ಹೆಂಡತಿ ಮಗನನ್ನೇ ಕೊಲ್ಲಲು ಹೊರಡುತ್ತಾನೆ. ಆದರೆ ಪುಸ್ತಕದ ಜ್ಯಾಕ್ ಒಂದೇ ಒಂದು ಗಳಿಗೆ ಮತ್ತೆ ಮೊದಲಿನ ಅಪ್ಪನಾಗಿ, ಓಡಿಹೋಗು ಅಂತ ಮಗನಿಗೆ ಹೇಳುತ್ತಾನೆ. ಸಿನಿಮಾದ ಜ್ಯಾಕಿಗೆ ಆ ಗಳಿಗೆ ಇಲ್ಲ. ಹಿಮದಲ್ಲಿ ಮರಗಟ್ಟಿ ಸಾಯುತ್ತಾನೆ. ಸಿನಿಮಾ ನನ್ನನ್ನು ಹೆದರಿಸಿತು. ಆದರೆ ಆ ಒಂದು ಗಳಿಗೆಗೋಸ್ಕರ ಪುಸ್ತಕವನ್ನು ಜಾಸ್ತಿ ಪ್ರೀತಿಸುತ್ತೇನೆ.

ಇನ್ನು ನನ್ನ ಮಗಳಿಗೆ. ಅವಳು ದೊಡ್ಡವಳಾದ ಮೇಲೆ ಇದನ್ನು ಓದಲಿ.

ಸಿನಿಮಾದಲ್ಲಿ ಡ್ಯಾನಿ ಸೈಕಲ್ ತುಳಿಯುವಾಗ ಕ್ಯಾಮೆರಾ ಅವನ ಬೆನ್ನ ಹಿಂದೆಯೇ, ನೆಲಕ್ಕೆ ಹತ್ತಿರವಾಗಿ ಹೋಗುತ್ತದೆ. ಓಡಾಡುತ್ತಾ ತೆಗೆದರೂ ಚಿತ್ರ ಅಲುಗದ ಹಾಗೆ ಕ್ಯಾಮೆರಾ ಹಿಡಿಯುವ ಸ್ಟೆಡಿಕ್ಯಾಮ್ ಅನ್ನುವ ಸಾಧನ ಕಂಡುಹಿಡಿದ ಗ್ಯಾರೆಟ್ ಬ್ರೌನ್ ಅವರೇ ಗಾಲಿಕುರ್ಚಿ ಮೇಲೆ ಕೂತು ಅದನ್ನು ತೆಗೆದರು. ಗಾಲಿ ಮರದ ನೆಲದ ಮೇಲೆ ಬಂದಾಗ ಗಡಗಡ, ಕಾರ್ಪೆಟ್ ಮೇಲೆ ಹತ್ತಿದಾಗ ಸದ್ದೇ ಇಲ್ಲ. ಮತ್ತೆ ಗಡಗಡ, ಮತ್ತೆ ಮೌನ. ಮುಂದಿನ ತಿರುವಿನಲ್ಲಿ ಏನಿದೆಯೋ ಅಂತ ನಾವು ಕಿವಿಯಲ್ಲೇ ಕಾಯುತ್ತೇವೆ. ಬಿಟ್ಟು ಆರು ತಿಂಗಳಾದ ಮೇಲೆ ಒಂದು ದಿನ ಮಗಳು ಹೇಳಿದಳು: "ಅಪ್ಪಾ, ನೀನು ಸ್ಕೂಟರ್ ಸ್ಟ್ಯಾಂಡ್ ಹಾಕೋ ಸದ್ದಲ್ಲೇ ನಂಗೆ ಗೊತ್ತಾಗ್ತಿತ್ತು." ಒಂದೇ ಸಲ ಟಕ್ ಅಂದರೆ ಕುಡಿದಿಲ್ಲ. ಎರಡು ಮೂರು ಸಲ ಒದ್ದರೆ ಕುಡಿದಿದ್ದೇನೆ. ಆಗ ಅವಳು ಲೈಟ್ ಆರಿಸಿ ಮಲಗಿದ ಹಾಗೆ ಮಾಡುತ್ತಿದ್ದಳಂತೆ. ಡ್ಯಾನಿ ಪಾತ್ರ ಮಾಡಿದ ಹುಡುಗನಿಗೆ ಅದು ದೆವ್ವದ ಸಿನಿಮಾ ಅಂತಲೇ ಗೊತ್ತಾಗದ ಹಾಗೆ ಸೆಟ್ಟಿನಲ್ಲಿ ಎಲ್ಲರೂ ನೋಡಿಕೊಂಡರಂತೆ. ಅಷ್ಟು ಜನ ಸೇರಿ ಒಬ್ಬ ಮಗುವನ್ನು ಕಾದರು. ನನ್ನ ಮಗಳು ತನ್ನನ್ನು ತಾನೇ ಕಾದುಕೊಂಡಳು, ನಾನು ಮನೆಯಲ್ಲಿ ಇರುವಾಗಲೇ. ಮಗಳೇ, ಅದಕ್ಕೆ ನನ್ನನ್ನು ಕ್ಷಮಿಸು ಅಂತ ನಿನಗೆ ಹೇಳಿದ್ದೇನೆ, ಇಲ್ಲಿ ಎಲ್ಲರ ಮುಂದೆಯೂ ಹೇಳುತ್ತೇನೆ. ಈಗ ನೀನು ಸ್ಕೂಟರ್ ಸದ್ದಿಗೆ ಗೇಟಿನ ತನಕ ಓಡಿ ಬರುತ್ತೀಯಲ್ಲ, ಅದಕ್ಕೆ ಥ್ಯಾಂಕ್ಸ್ ಕಣಮ್ಮ.

ಬಿಟ್ಟ ಮೇಲೆ ನನ್ನ ಲೆಕ್ಕ ಉಲ್ಟಾ ನಡೆಯಿತು. ಮೊದಲು ಗಂಟೆ ಎಣಿಸಿದೆ. ಆಮೇಲೆ ಮಂಗಳವಾರ, ಗುರುವಾರ, ಶನಿವಾರ. ಆಮೇಲೆ ಒಂದು ತಿಂಗಳು. ಈ ಸಲದ ಹೊಸ ತೊಡಕಿಗೆ ಭಾವಂದಿರು ನನ್ನ ಮುಂದೆ ಮಜ್ಜಿಗೆ ಇಟ್ಟು ತಾವೂ ಅದನ್ನೇ ಕುಡಿದರು. ಅವರಿಗೂ ನಮಸ್ಕಾರ.

ಹೆಂಡತಿಗೆ ಏನು ಬರೆಯಲಿ? ಅವಳು ಡಾಕ್ಟರ್ ಹತ್ತಿರ ಮತ್ತೆ ಹೋದಳು. ಮಗಳನ್ನೂ ನನ್ನನ್ನೂ ಕರೆದುಕೊಂಡು. "ಅವತ್ತು ಸ್ಕೂಲಲ್ಲಿ ಬಿದ್ದಿದ್ದಲ್ಲ" ಅಂತ ನನ್ನ ಎದುರಿಗೇ ಹೇಳಿದಳು. ಈ ಸಲ ನಗಲಿಲ್ಲ. ಹೊರಗೆ ಬಂದ ಮೇಲೆ "ಬನ್ನಿ, ಮನೆಗೆ ಹೋಗೋಣ" ಅಂದಳು. ಅವತ್ತು ನನ್ನನ್ನೂ ಸೇರಿಸಿಕೊಂಡು 'ಹೋಗೋಣ' ಅಂದಳಲ್ಲ, ಅದನ್ನು ಸಾಯುವ ತನಕ ಮರೆಯುವುದಿಲ್ಲ.

ಗೆಳೆಯಾ, ಡಿಸ್ಕ್ ಇನ್ನೂ ನಮ್ಮ ಟಿವಿ ಪಕ್ಕದಲ್ಲೇ ಇದೆ. ಕೊಡುವಾಗ ನಿನಗೆ ಎಲ್ಲ ಗೊತ್ತಿತ್ತಾ ಅಂತ ನಾನು ಇವತ್ತಿನವರೆಗೂ ಕೇಳಿಲ್ಲ. ಭಾನುವಾರ ಮಧ್ಯಾಹ್ನ ಮನೆಗೆ ಬಾ. ಮುದ್ದೆ, ಬಸ್ಸಾರು ಮಾಡುತ್ತಾಳಂತೆ. ಊಟ ಮಾಡಿ ಡಿಸ್ಕ್ ತೆಗೆದುಕೊಂಡು ಹೋಗುವೆಯಂತೆ.