ಸಹಿ ಹಾಕುವ ಮುನ್ನ: ಕತಾರಿನಿಂದ ಅಪ್ಪಾಜಿಗೆ ಪತ್ರ

ಅಲ್ ಖೋರ್, ಕತಾರ್
2 ನವೆಂಬರ್ 2025

ತೀರ್ಥರೂಪ ಅಪ್ಪಾಜಿಯವರ ಪಾದಗಳಿಗೆ ಶರಣು ಶರಣಾರ್ಥಿಗಳು. ನಾನು ಕ್ಷೇಮ. ಅವ್ವ, ಕಾಕಾ, ಸಣ್ಣವ್ವ, ಶಿವು, ಮಹಾದೇವಿ ಎಲ್ಲರ ಕ್ಷೇಮವನ್ನು ಕೋರುತ್ತೇನೆ.

ರಜೆ ಮುಗಿಸಿ ಬಂದ ನಾಲವಾರದ ಹುಡುಗನ ಕೈಯಲ್ಲಿ ನೀವು ಕೊಟ್ಟ ಪತ್ರ ಮೊನ್ನೆ ತಲುಪಿತು. ಅದರ ಮೂರು ಪುಟಗಳಲ್ಲಿ ಯುದ್ಧ, ಅಮೆರಿಕ, ರಷ್ಯಾ ಮತ್ತು ನನ್ನ ನೌಕರಿಯ ಚಿಂತೆಯೇ ತುಂಬಿದೆ. ನಮ್ಮ 14 ಎಕರೆಯನ್ನೂ ಸೋಲಾರ್ ಕಂಪನಿಗೆ 28 ವರ್ಷದ ಗುತ್ತಿಗೆಗೆ ಕೊಡುವ ಮಾತು ಮಾತ್ರ ಕೊನೆಯ ನಾಲ್ಕು ಸಾಲುಗಳಲ್ಲಿ, ಯಾವುದೋ ಸಣ್ಣ ಸುದ್ದಿಯಂತೆ ಬಂದಿದೆ. ಕಾಗಿಣಾ ತುಂಬಿ ಹಳ್ಳದ ಹೊಲದಲ್ಲಿ ನೀರು ನಿಂತು ತೊಗರಿ ಕೊಳೆತದ್ದನ್ನು ಶಿವು ಫೋನಿನಲ್ಲಿ ಹೇಳಿದ್ದ, ಆದರೆ ಏಜೆಂಟ್ ಮನೆಗೇ ಬಂದು ಪಹಣಿಯ ನಕಲು ಒಯ್ದದ್ದನ್ನು ಹೇಳಿರಲಿಲ್ಲ. ನನಗೆ ಆ ನಾಲ್ಕು ಸಾಲುಗಳದೇ ಯೋಚನೆಯಾಗಿದೆ.

ಆದರೂ ಮೊದಲು ಅವ್ವನ ಭಯಕ್ಕೆ ಉತ್ತರ ಹೇಳುತ್ತೇನೆ. ಇಷ್ಟನ್ನು ಆಕೆಗೆ ಓದಿ ತಿಳಿಸಿ. ಜೂನ್ 23ರ ರಾತ್ರಿ ಇರಾನಿನ ಕ್ಷಿಪಣಿಗಳು ಬಂದದ್ದು ದೋಹಾದ ನೈರುತ್ಯಕ್ಕಿರುವ ಅಲ್ ಉದೈದ್ ವಾಯುನೆಲೆಯ ಮೇಲೆ. ನಾವಿರುವುದು ದೋಹಾದಿಂದ ಉತ್ತರಕ್ಕೆ, ಕೆಲಸ ಇನ್ನೂ ಉತ್ತರದ ರಾಸ್ ಲಫಾನಿನಲ್ಲಿ. ಹೆಚ್ಚುಕಡಿಮೆ ಎಲ್ಲ ಕ್ಷಿಪಣಿಗಳನ್ನೂ ಆಕಾಶದಲ್ಲಿಯೇ ಹೊಡೆದುಹಾಕಿದರು, ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಮರುದಿನ ನಮ್ಮ ಬಸ್ಸು ಎಂದಿನ ವೇಳೆಗೆ ಬಂತು, ಮೆಸ್ಸಿನಲ್ಲಿ ಎಂದಿನ ಸಪ್ಪೆ ಸಾರೇ ಇತ್ತು. ಸೆಪ್ಟೆಂಬರ್ 9ರಂದು ಇಸ್ರೇಲಿನ ವಿಮಾನಗಳು ದೋಹಾದಲ್ಲಿ ಹಮಾಸ್ ನಾಯಕರಿದ್ದ ಮನೆಯ ಮೇಲೆ ಬಾಂಬ್ ಹಾಕಿದ್ದು ನಿಜ, ಆದರೆ ಅದು ಗುರಿಯಿಟ್ಟು ಮಾಡಿದ ದಾಳಿ. ನಮ್ಮಂತಹ ಕೂಲಿಯವರನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ನಾನು ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲಿ ಇರುವುದಕ್ಕಿಂತ ಇಲ್ಲಿ ಹೆಚ್ಚು ಸುರಕ್ಷಿತವಾಗಿದ್ದೇನೆಂದು ಅವ್ವನಿಗೆ ಧೈರ್ಯವಾಗಿ ಹೇಳಿ. ಬೇಕಾದರೆ ಎರಡು ಸಲ ಹೇಳಿ.

ಇಷ್ಟೊಂದು ಹಣವಿರುವ ದೇಶ ತನ್ನ ನೆಲದಲ್ಲಿ ಪರರ ದಂಡು ಏಕೆ ಇಟ್ಟುಕೊಂಡಿದೆ ಎಂದು ಕಾಕಾ ಕೇಳಿದ್ದಾರೆ. ಈ ಪ್ರಶ್ನೆಯನ್ನು ನಮ್ಮ ಭಾಗದವರು ಕೇಳಬಾರದು; ಏಕೆಂದರೆ ಇದಕ್ಕೆ ಉತ್ತರ ನಮ್ಮ ಮುತ್ಯಾನ ಕಾಲದಲ್ಲಿಯೇ ಇದೆ. 1798ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿದ ಮೊದಲಿಗರು ನಮ್ಮ ಸೀಮೆಯನ್ನು ಆಳಿದ ಹೈದರಾಬಾದಿನ ನಿಜಾಮರು. ತಮ್ಮದೇ ಖರ್ಚಿನಲ್ಲಿ ಬ್ರಿಟಿಷರ ಸೈನ್ಯ ಸಾಕಿದರು, ಆ ಖರ್ಚು ಭರಿಸಲು 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳನ್ನೇ ಬಿಟ್ಟುಕೊಟ್ಟರು, ಕೊನೆಯ ನಿಜಾಮರು ಬ್ರಿಟಿಷ್ ಸರಕಾರದ ‘ನಿಷ್ಠಾವಂತ ಮಿತ್ರ’ ಎಂಬ ಬಿರುದನ್ನೂ ಹೊತ್ತರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದಾಗ ಆ ಮಿತ್ರರ ಕಡೆಯಿಂದ ಒಂದು ತುಪಾಕಿಯೂ ಬರಲಿಲ್ಲ. ವಿಶ್ವಸಂಸ್ಥೆಗೆ ಕೊಟ್ಟ ದೂರು ಭದ್ರತಾ ಮಂಡಳಿಯ ಮುಂದೆ ಬಂದ ಮರುದಿನವೇ ನಿಜಾಮರು ಶರಣಾದರು. ರಜಾಕಾರರ ಕಾಟದಿಂದ ನಮಗೆ ಬಿಡುಗಡೆಯಾದದ್ದು ಒಳ್ಳೆಯದೇ ಆಯಿತು, ಆ ಮಾತು ಬೇರೆ. ನಾನು ಹೇಳುವುದು ನಿಜಾಮರ ಲೆಕ್ಕದ ಬಗ್ಗೆ ಮಾತ್ರ.

ಕತಾರಿನ ಲೆಕ್ಕ ಸ್ವಲ್ಪ ಬೇರೆಯಾಗಿದೆ. ಅಲ್ ಉದೈದ್ ಈ ಭಾಗದಲ್ಲಿ ಅಮೆರಿಕದ ಅತಿ ದೊಡ್ಡ ನೆಲೆ, ಅದನ್ನು ಕಟ್ಟಿಸಲು ಬಹುಪಾಲು ಹಣ ಕೊಟ್ಟದ್ದು ಕತಾರ್. ಅಷ್ಟಿದ್ದೂ ಒಂದೇ ವರ್ಷದಲ್ಲಿ ಇರಾನ್ ಹೊಡೆಯಿತು, ಅಮೆರಿಕದ ಪರಮಾಪ್ತ ಇಸ್ರೇಲೂ ಹೊಡೆಯಿತು. ಆಮೇಲೆ ಟ್ರಂಪ್ ಅವರು ಕತಾರಿನ ಮೇಲಿನ ದಾಳಿಯನ್ನು ಅಮೆರಿಕಕ್ಕೆ ಒಡ್ಡಿದ ಬೆದರಿಕೆಯೆಂದೇ ಪರಿಗಣಿಸುವುದಾಗಿ ಆದೇಶ ಹೊರಡಿಸಿದರು. ಅದು ಅಧ್ಯಕ್ಷರ ಆದೇಶವೇ ಹೊರತು ಸೆನೆಟ್ ಒಪ್ಪಿದ ಒಪ್ಪಂದವಲ್ಲ, ಮುಂದೆ ಬರುವವರು ಒಂದು ಸಹಿಯಿಂದ ಅದನ್ನು ರದ್ದು ಮಾಡಬಹುದು. ಇಲ್ಲಿಯವರಿಗೆ ಇದು ತಿಳಿಯದ ಸಂಗತಿಯಲ್ಲ. 2017ರ ಜೂನ್ 5ರಂದು ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಸೇರಿ ಈ ದೇಶಕ್ಕೆ ದಿಗ್ಬಂಧನ ಹಾಕಿದಾಗಲೇ ಅವರಿಗೆ ಪಾಠವಾಗಿತ್ತು. ಇವರಿಗೆ ಇರುವ ಒಂದೇ ನೆಲಗಡಿ ಸೌದಿಯ ಕಡೆಗಿದೆ, ಅದು ಮುಚ್ಚಿತು, ಅಂಗಡಿಗಳಲ್ಲಿ ಹಾಲು ಸಿಗದಾಯಿತು. ಆಗ ತುರ್ಕಿಯಿಂದ ಸರಕು ಬಂತು, ಇರಾನ್ ತನ್ನ ಆಕಾಶಮಾರ್ಗ ಬಿಟ್ಟುಕೊಟ್ಟಿತು, ಯುರೋಪಿನಿಂದ ಹಸುಗಳು ವಿಮಾನದಲ್ಲಿ ಬಂದು ಇಳಿದವು! ಆ ದೊಡ್ಡಿ ನಮ್ಮ ಅಲ್ ಖೋರ್ ಕಡೆಗೇ ಇದೆ. ಮರಳುಗಾಡಿನಲ್ಲಿ ಹಸುಗಳಿಗೆ ತಂಪು ಮಾಡುವ ಯಂತ್ರ ಹಾಕಿದ್ದಾರೆ. ನಮ್ಮ ಊರಿನ ಆಸ್ಪತ್ರೆಯಲ್ಲಿಯೂ ಅಷ್ಟು ತಂಪಿಲ್ಲ.

ಆದರೆ ಆ ದಿಗ್ಬಂಧನದ ನಿಜವಾದ ಸಂಗತಿ ಹಸುಗಳದಲ್ಲ. ಸಮುದ್ರದಡಿಯ ಡಾಲ್ಫಿನ್ ಕೊಳವೆಯ ಮೂಲಕ ಯುಎಇಗೆ ಇಲ್ಲಿಂದ ನಿತ್ಯವೂ ಅನಿಲ ಹೋಗುತ್ತದೆ, ಅಲ್ಲಿಯ ವಿದ್ಯುತ್ತಿನಲ್ಲಿ ಅದರ ಪಾಲು ದೊಡ್ಡದು. ಗಡಿ ಮುಚ್ಚಿದ ಮೂರೂವರೆ ವರ್ಷ, 2021ರ ಜನವರಿಯಲ್ಲಿ ರಾಜಿಯಾಗುವವರೆಗೂ, ಕತಾರ್ ಆ ಕೊಳವೆಯನ್ನು ಒಂದು ದಿನವೂ ಮುಚ್ಚಲಿಲ್ಲ. ಇದನ್ನು ಔದಾರ್ಯವೆಂದು ತಿಳಿಯಬೇಡಿ. ಸಿಟ್ಟಿನಲ್ಲಿ ಒಮ್ಮೆ ಕೊಳವೆ ಮುಚ್ಚಿದವನ ಮಾತನ್ನು ಆಮೇಲೆ ಯಾವ ಗಿರಾಕಿಯೂ ನಂಬುವುದಿಲ್ಲವೆಂಬ ವ್ಯಾಪಾರದ ಬುದ್ಧಿ ಅದು. 2022ರಲ್ಲಿ ಉಕ್ರೇನ್ ಯುದ್ಧದ ನಡುವೆ ರಷ್ಯಾ ಯುರೋಪಿಗೆ ಅನಿಲ ಕಡಿಮೆ ಮಾಡಿ ನೋಡಿತು. ಬೇಕಾದ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ರಷ್ಯಾದಿಂದಲೇ ತರುತ್ತಿದ್ದ ಜರ್ಮನಿಯ ಮಂತ್ರಿ ಅದೇ ಮಾರ್ಚಿನಲ್ಲಿ ದೋಹಾಕ್ಕೆ ಬಂದು ನಿಂತರು. ಜರ್ಮನಿಗೆ ಆ ಚಳಿಗಾಲ ಕಷ್ಟವಾಯಿತು, ರಷ್ಯಾ ತನ್ನ ಅತ್ಯುತ್ತಮ ಗಿರಾಕಿಯನ್ನು ಕಳೆದುಕೊಂಡಿತು.

ಈಗ ನಿಮ್ಮ ಪ್ರಶ್ನೆ, ಭಾರತ ರಷ್ಯಾದ ಎಣ್ಣೆ ಕೊಳ್ಳುವುದು ಸರಿಯೋ ತಪ್ಪೋ ಎಂಬುದು. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2022ಕ್ಕೆ ಮೊದಲು ಅದರಲ್ಲಿ ರಷ್ಯಾದ ಪಾಲು ಶೇ. 2ರಷ್ಟೂ ಇರಲಿಲ್ಲ, ರಿಯಾಯಿತಿ ಸಿಕ್ಕ ಮೇಲೆ ಮೂರನೆಯ ಒಂದು ಪಾಲನ್ನು ದಾಟಿತು. ಅದಕ್ಕಾಗಿಯೇ ಅಮೆರಿಕ ಆಗಸ್ಟ್ 27ರಿಂದ ನಮ್ಮ ಸರಕಿನ ಮೇಲೆ ಇನ್ನೂ ಶೇ. 25 ಸುಂಕ ಏರಿಸಿ ಒಟ್ಟು ಶೇ. 50 ಮಾಡಿದೆ, ಹತ್ತು ದಿನದ ಕೆಳಗೆ ರಷ್ಯಾದ ತೈಲ ಕಂಪನಿಗಳಾದ ರೋಸ್‌ನೆಫ್ಟ್ ಮತ್ತು ಲುಕಾಯಿಲ್ ಮೇಲೆಯೂ ನಿರ್ಬಂಧ ಹಾಕಿದೆ. ಅಗ್ಗವಾಗಿ ಸಿಕ್ಕಾಗ ಕೊಂಡದ್ದು ತಪ್ಪಲ್ಲವೆಂದು ನಾನು ವಾದಿಸುತ್ತೇನೆ, ಇಲ್ಲಿ ನನ್ನ ಕೋಣೆಯ ಪಾಕಿಸ್ತಾನಿ ಫೋರ್‌ಮನ್ ಜೊತೆಗೂ ವಾದಿಸಿದ್ದೇನೆ. (ಸೌದಿಯವರು ಸೆಪ್ಟೆಂಬರ್ 17ರಂದು, ನಮ್ಮ ಕಲ್ಯಾಣ ಕರ್ನಾಟಕ ಉತ್ಸವದ ದಿನವೇ, ಪಾಕಿಸ್ತಾನದ ಜೊತೆ ರಕ್ಷಣಾ ಒಪ್ಪಂದ ಮಾಡಿಕೊಂಡ ಮೇಲೆ ಆತನ ದನಿ ಏರಿದೆ, ಚಹಾ ಮಾತ್ರ ಇಬ್ಬರೂ ಕೂಡಿಯೇ ಕುಡಿಯುತ್ತೇವೆ.) ಆದರೆ ಒಬ್ಬನ ರಿಯಾಯಿತಿಯ ರುಚಿ ಹತ್ತಿಸಿಕೊಂಡು ಉಳಿದ ಬಾಗಿಲುಗಳನ್ನು ಮರೆತರೆ, ಅದೂ ಒಂದು ಅಡಿಯಾಳುತನವೇ. ಸರಕಾರ ಅದನ್ನು ಮರೆತಿಲ್ಲ. 2024ರ ಫೆಬ್ರವರಿಯಲ್ಲಿ ಕತಾರಿನ ಜೊತೆ 2028ರಿಂದ 20 ವರ್ಷ, ವರ್ಷಕ್ಕೆ 75 ಲಕ್ಷ ಟನ್ ದ್ರವ ಅನಿಲ ಕೊಳ್ಳುವ ಕರಾರು ಆಯಿತು. ಇಲ್ಲಿ ಮರಣದಂಡನೆಯ ತೀರ್ಪು ಕೇಳಿದ್ದ ನಮ್ಮ ನೌಕಾಪಡೆಯ 8 ಮಾಜಿ ಸಿಬ್ಬಂದಿ ಬಿಡುಗಡೆಯಾದ ಸುದ್ದಿ ಅದರ ಮುಂದಿನ ವಾರವೇ ಬಂತು. ಎರಡಕ್ಕೂ ಸಂಬಂಧವಿದೆಯೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಇಲ್ಲವೆಂದು ನಾವು ಯಾರೂ ನಂಬಲಿಲ್ಲ.

ನನ್ನ ಕೆಲಸವೂ ಈ ಅನಿಲದ್ದೇ. ಸಮುದ್ರದಡಿಯಿಂದ ಬಂದದ್ದನ್ನು ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣಿಸಿದರೆ ಆರುನೂರರಲ್ಲಿ ಒಂದು ಪಾಲಿನಷ್ಟಾಗಿ ದ್ರವವಾಗುತ್ತದೆ, ಹಡಗಿನಲ್ಲಿ ಗುಜರಾತಿನ ದಹೇಜಿಗೆ ಹೋಗುತ್ತದೆ. ಅದರಲ್ಲಿ ಒಂದು ಪಾಲು ಯೂರಿಯಾ ಆಗಿ ನಿಮ್ಮ ಸೊಸೈಟಿಯ ಮುಂದಿನ ಸಾಲಿಗೆ ಬರುತ್ತದೆ. ಅವ್ವನ ಸಿಲಿಂಡರಿನ ಅಡುಗೆ ಅನಿಲದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು, ಅದರ ಬಹುಭಾಗ ಈ ಕೊಲ್ಲಿಯದೇ. ಇದೆಲ್ಲ ಓಮನ್ ಮತ್ತು ಇರಾನ್ ನಡುವಿನ ಹೋರ್ಮುಜ್ ಎಂಬ ಇಕ್ಕಟ್ಟಿನ ಜಲಮಾರ್ಗ ದಾಟಿಯೇ ಬರಬೇಕು. ಜಗತ್ತು ಉರಿಸುವ ತೈಲದ ಐದನೆಯ ಒಂದು ಪಾಲು ಅದರಲ್ಲಿ ಹಾಯುತ್ತದೆ. ಆದ್ದರಿಂದ ದೇಶ ಸೋಲಾರಿಗೆ ಹೊರಳುವುದನ್ನು ನಾನು ವಿರೋಧಿಸುವುದಿಲ್ಲ. ಕಲಬುರಗಿಯ ಬಿಸಿಲನ್ನು ಯಾವ ಹೋರ್ಮುಜ್ ತಡೆಯುತ್ತದೆ? ಆದರೆ ಏಜೆಂಟ್ ಹೇಳಿದಂತೆ ಇದರಿಂದ ದೇಶ ‘ಪೂರ್ತಿ ಸ್ವಾವಲಂಬಿ’ ಆಗುತ್ತದೆಂಬುದು ಅತಿಯಾಯಿತು. ಸೋಲಾರ್ ಫಲಕ ತಯಾರಿಕೆಯ ಪ್ರತಿ ಹಂತದಲ್ಲಿಯೂ ಚೀನಾದ ಪಾಲು ಶೇ. 80ಕ್ಕಿಂತ ಹೆಚ್ಚಿದೆ. ದೇಶಕ್ಕಾಗಿ ಭೂಮಿ ಕೊಡಿ ಎನ್ನುವ ಮಾತಿಗೆ ಅಕ್ಕನ ಮನೆಯವರು ಏನು ಹೇಳುತ್ತಾರೆ ಕೇಳಿ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಸಿಕ್ಕಿದೆ, ದೇಶಕ್ಕೆ ಅದು ಬೇಕು, ಆದರೆ ಬಾವಿಯ ನೀರು ಏನಾಗುವುದೋ ಎಂಬ ಅಂಜಿಕೆಯಿಂದ ಗಣಿ ಬೇಡವೆಂದವರು ಅಲ್ಲಿಯ ಜನರೇ.

ಗುತ್ತಿಗೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು, ಸಿಟ್ಟಾಗಬೇಡಿ. ಮೇಲಿನ ಮಡ್ಡಿ ಹೊಲ 4 ಎಕರೆ ಕೊಡಿ, ಅಲ್ಲಿ ಸಜ್ಜೆಯೂ ಸರಿಯಾಗಿ ಬರುವುದಿಲ್ಲ. ಎರೆ ಹೊಲ ಕೊಡಬೇಡಿ. ಈ ವರ್ಷ ತೊಗರಿ ಕೊಳೆಯಿತು, ಮೇಲಾಗಿ ಮೊಜಾಂಬಿಕ್, ಮ್ಯಾನ್ಮಾರ್ ತೊಗರಿ ಸುಂಕವಿಲ್ಲದೆ ಬರುತ್ತಿರುವುದರಿಂದ ದರವೂ ಏಳುತ್ತಿಲ್ಲವೆಂಬುದು ನನಗೆ ಗೊತ್ತಿದೆ. ಆದರೆ ಸುಂಕದ ನೀತಿ ವರ್ಷಕ್ಕೊಮ್ಮೆ ಬದಲಾಗುತ್ತದೆ, 28 ವರ್ಷದ ಕಾಗದ ಬದಲಾಗುವುದಿಲ್ಲ. ಬದಲಾದರೂ ಯಾರ ಅನುಕೂಲಕ್ಕೆ ಎಂಬುದನ್ನು ನೋಡಬೇಕು. ಕತಾರಿನ ಅನಿಲದ ಹಳೆಯ ಕರಾರಿನಲ್ಲಿ, ಮಾಲು ಎತ್ತದಿದ್ದರೂ ಹಣ ಕಟ್ಟಬೇಕೆಂಬ ಶರತ್ತಿತ್ತು. 2015ರಲ್ಲಿ ಮಾರುಕಟ್ಟೆಯ ದರ ಬಿದ್ದಾಗ ಭಾರತ ಪಟ್ಟು ಹಿಡಿದು ದರವನ್ನೂ ಇಳಿಸಿಕೊಂಡಿತು, ದಂಡವನ್ನೂ ಮನ್ನಾ ಮಾಡಿಸಿಕೊಂಡಿತು. ಅಷ್ಟು ದೊಡ್ಡ ಗಿರಾಕಿಯಾದ್ದರಿಂದ ಅದು ನಡೆಯಿತು. 14 ಎಕರೆಯ ರೈತ ನಾಳೆ ಬಾಡಿಗೆ ಸಾಲದೆಂದರೆ ಯಾವ ಕಂಪನಿಯೂ ಕರಾರು ತಿದ್ದುವುದಿಲ್ಲ, ಆದರೆ ವಿದ್ಯುತ್ ಖರೀದಿಯ ದರ ಬಿದ್ದರೆ ಕಂಪನಿ ಬಿಟ್ಟುಹೋಗಲು ದಾರಿಯಿರುತ್ತದೆ.

ಪಾವಗಡದ ಸೋಲಾರ್ ಪಾರ್ಕಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಶೇ. 5 ಏರಿಸುವ ಶರತ್ತಿದೆ. ನಮ್ಮ ಏಜೆಂಟಿನ ಕರಡಿನಲ್ಲಿ ಏರಿಕೆಯ ಮಾತೇ ಇಲ್ಲವೆಂದು ಶಿವು ನಿನ್ನೆ ಫೋನಿನಲ್ಲಿ ಒಪ್ಪಿಕೊಂಡ. ಭೂಮಿಯ ಮೇಲೆ ಕಂಪನಿ ಸಾಲ ಎತ್ತಬಹುದೇ, ಕಂಪನಿಯೇ ಕೈಬದಲಾದರೆ ಬಾಡಿಗೆ ಯಾರು ಕೊಡುತ್ತಾರೆ, ಅವಧಿ ಮುಗಿದ ಮೇಲೆ ಕಾಂಕ್ರೀಟು ಕಿತ್ತು ಹೊಲ ಮೊದಲಿನಂತೆ ಮಾಡಿಕೊಡುವವರು ಯಾರು, ಇವನ್ನೆಲ್ಲ ಕಲಬುರಗಿಯಲ್ಲಿ ಕಾಕಾನ ಪರಿಚಯದ ವಕೀಲರಿಂದ ಓದಿಸಿ. ನಮ್ಮ ಹೊಲದಲ್ಲಿ ಕೆಲಸ ಮಾಡುವವರ ಕೂಲಿಯ ಗತಿಯನ್ನೂ ಯೋಚಿಸಿ. ಪಾವಗಡದಲ್ಲಿ ಭೂಮಿಯಿದ್ದವರಿಗೆ ಬಾಡಿಗೆ ಬಂತು, ಭೂಮಿಯಿಲ್ಲದವರಿಗೆ ಕೆಲಸ ಹೋಯಿತು.

ಮಹಾದೇವಿಯ ಮದುವೆಗಾಗಿ ಅವಸರ ಮಾಡುತ್ತಿದ್ದರೆ ಆ ಅವಸರ ಬೇಡ. ಆಳಂದದವರಿಗೆ ಮಾತು ಕೊಡಿ, ಮುಹೂರ್ತ ಏಪ್ರಿಲಿಗೆ ಇಡಿ, ಹಣ ನಾನು ಹೊಂದಿಸುತ್ತೇನೆ. ನೌಕರಿ ಗಟ್ಟಿಯಾಗಿದೆ, ಕತಾರಿನವರು ದ್ರವ ಅನಿಲದ ಉತ್ಪಾದನೆಯನ್ನು ವರ್ಷಕ್ಕೆ 77 ದಶಲಕ್ಷ ಟನ್ನಿನಿಂದ 142ಕ್ಕೆ ಏರಿಸಲು ಹೊರಟಿದ್ದಾರೆ, ನಮ್ಮಂಥವರನ್ನು ಬಿಡುವುದಿಲ್ಲ. ಚೀನಾ 27 ವರ್ಷದ ಕರಾರು ಮಾಡಿಕೊಂಡಿದೆ, ಅಮೆರಿಕ ಸೈನ್ಯ ಇಟ್ಟಿದೆ, ಎದುರಿನ ಇರಾನ್ ಇದೇ ಅನಿಲ ನಿಕ್ಷೇಪದ ಪಾಲುದಾರ. ಇಷ್ಟು ಜನರಿಗೆ ಬೇಕಾದ ಜಾಗ ಹಾಳಾಗುವುದಿಲ್ಲ. ಅವ್ವ ನಿಶ್ಚಿಂತೆಯಿಂದ ಇರಲಿ, ಸಂಜೆಯ ಹೊತ್ತು ಟಿವಿ ಸುದ್ದಿ ಹಾಕಬೇಡಿ.

ಶಿಫ್ಟಿನ ಬಸ್ಸು ಬಂದಿದೆ, ಪತ್ರ ಒಯ್ಯುವವನೂ ಅವಸರ ಮಾಡುತ್ತಿದ್ದಾನೆ. ನಿಮ್ಮ ಬಿಪಿ ಗುಳಿಗೆ ತಪ್ಪಿಸಬೇಡಿ. ಈ ತಿಂಗಳ ಹಣ ಶಿವುನ ಖಾತೆಗೆ ಹಾಕಿದ್ದೇನೆ, ಸೊಸೈಟಿಯ ಸಾಲದ ಕಂತು ಮೊದಲು ಕಟ್ಟಲಿ. ಸಂಕ್ರಾಂತಿಗೆ ರಜೆ ಕೇಳಿದ್ದೇನೆ, ನಾನು ಬರುವವರೆಗೆ ಏಜೆಂಟ್ ಎಷ್ಟು ಸಲ ಬಂದರೂ ಯಾವ ಕಾಗದಕ್ಕೂ ಹೆಬ್ಬೆಟ್ಟು, ಸಹಿ ಎರಡೂ ಬೇಡ.

ಇಂತಿ ನಿಮ್ಮ ಆಶೀರ್ವಾದ ಬೇಡುವ ಮಗ,
ಬಸವರಾಜ